ಬಟ್ಟಿನಿಂದ ಕೊಯ್ಯುವುದು ಒಂದಿಂಚೋ, ಎರಡೋ?

ಕೊಡಗಿನ ಎಷ್ಟೋ ಮನೆಗಳಲ್ಲಿ ಕೋವಿ ಒಂದು, ಹೆಗಲು ಹಲವು. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬದಂದು ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಟ್ಟ ಜೋಡಿ ನಳಿಗೆಯ ಕೋವಿ ಆರಡಿಯ ಅಜ್ಜನ ಹೆಗಲಿಗೆ ಸರಿಯಾಗಿ ಕೂರುತ್ತದೆ. ಅದನ್ನೇ ಐದಡಿಯ ಮೊಮ್ಮಗಳು ಹಬ್ಬದ ಗುರಿಯಾಟದ ತೆಂಗಿನಕಾಯಿಯತ್ತ ಎತ್ತಿದರೆ ಹೆಗಲಿಗಾನುವ ಮರದ ಬಟ್ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ‘ಒಂದಿಂಚು ಕೊಯ್ಸಿದರಾಯ್ತು’ ಎಂಬ ಮಾತು ಹುಟ್ಟುವುದು ಆಗಲೇ. ಗರಗಸದ ಕೆಲಸ ಐದು ನಿಮಿಷದ್ದು, ಲೆಕ್ಕ ಮಾತ್ರ ಅಷ್ಟು ಸಲೀಸಲ್ಲ.

ಬಟ್ಟಿನ ಉದ್ದವೆಂದರೆ ಟ್ರಿಗರ್‌ನಿಂದ ಹಿಂತುದಿಯ ನಡುಭಾಗಕ್ಕಿರುವ ದೂರ. ಕಾರ್ಖಾನೆಯ ಕೋವಿಗಳಲ್ಲಿ ಇದು ಸಾಮಾನ್ಯವಾಗಿ 14ರಿಂದ 14½ ಇಂಚು; ಹುಡುಗರಿಗೆಂದೇ ಮಾಡಿದವುಗಳಲ್ಲಿ 12ರಿಂದ 13. ಎರಡು ಟ್ರಿಗರ್ ಇದ್ದರೆ ಮುಂದಿನದರಿಂದ ಅಳೆಯಬೇಕು. ಹಿಂದಿನದು ಹೆಚ್ಚುಕಡಿಮೆ ಒಂದಿಂಚು ಹಿಂದಿರುವುದರಿಂದ ಅಲ್ಲಿಂದ ಅಳೆದವರು ಮೊದಲ ಹೆಜ್ಜೆಯಲ್ಲೇ ಎಡವಿದಂತೆ. ಬಟ್ಟನ್ನು ಮೊಣಕೈ ಮಡಿಕೆಗೆ ಒತ್ತಿ ನೋಡುವ ಹಳೇ ಪರೀಕ್ಷೆಯನ್ನು ನಾನಂತೂ ನಂಬುವುದಿಲ್ಲ. ಕೋವಿ ಎತ್ತಿ ಕೆನ್ನೆಗಿಟ್ಟಾಗ ಮೂಗಿಗೂ ಹೆಬ್ಬೆರಳಿಗೂ ನಡುವೆ ಎರಡು ಬೆರಳಷ್ಟು ಜಾಗ ಉಳಿಯಬೇಕು, ಅಷ್ಟೇ.

ಮೊಮ್ಮಗಳಿಗೆ 13½ ಇಂಚು ಬೇಕು, ಈಗಿರುವುದು 14½ ಎಂದಿಟ್ಟುಕೊಳ್ಳೋಣ. ಒಂದಿಂಚು ಕೊಯ್ದು, ಒದೆತ ತಡೆಯಲೆಂದು ಒಂದಿಂಚಿನ ರಬ್ಬರ್ ಪ್ಯಾಡ್ ಕೂರಿಸಿದರೆ ಬಟ್ ಮತ್ತೆ 14½ ಇಂಚೇ! ಮರ ಹೋಯಿತು, ಲಾಭ ಸೊನ್ನೆ. ಮರ 12½ಕ್ಕೆ ನಿಲ್ಲಬೇಕು. ಅಂದರೆ ಎರಡಿಂಚು ಹೋಗಬೇಕು. ಹಳೆಯ ಅಳತೆಯಲ್ಲಿ ಕಾಲಿಂಚಿನ ಪ್ಲಾಸ್ಟಿಕ್ ತಟ್ಟೆಯೂ ಸೇರಿದ್ದರೆ 1¾ ಇಂಚು ಸಾಕು.

ಉದ್ದ ಕುಗ್ಗಿದರೆ ಗುರಿಯೂ ಸರಿಯುತ್ತದೆ. ಬಟ್ಟಿನ ಮೇಲಂಚು ಇಳಿಜಾರು: ಕೆನ್ನೆ ತಾಗುವ ಮುಂತುದಿ ನಳಿಗೆಯ ರೇಖೆಗಿಂತ 1½ ಇಂಚು ಕೆಳಗಿದ್ದರೆ ಹಿಂತುದಿ 2½ ಇಂಚು ಕೆಳಗಿರುತ್ತದೆ. ನಡುವಿನ ದೂರ 9 ಇಂಚು ಎಂದು ಹಿಡಿದರೆ, ಪ್ರತಿ ಇಂಚಿಗೆ ಒಂಬತ್ತನೇ ಒಂದು ಇಂಚು ಇಳಿತ. ಬಟ್ ಒಂದಿಂಚು ಕುಗ್ಗಿದಾಗ ಕೆನ್ನೆ ಅಷ್ಟು ಮುಂದೆ ಸರಿದು ಕಣ್ಣು 0.11 ಇಂಚು ಮೇಲೇರುತ್ತದೆ. ಕಣ್ಣಿನಿಂದ ಮೂತಿಯ ಮಣಿಗೆ ಸುಮಾರು ಒಂದು ಗಜ. ಹಾಗಾಗಿ 30 ಗಜ ದೂರದಲ್ಲಿ ಈಡು 3.3 ಇಂಚು ಮೇಲೆ ಬೀಳುತ್ತದೆ. ಸುಲಿದ ತೆಂಗಿನಕಾಯಿಯ ಅಗಲ ಸುಮಾರು 4 ಇಂಚು, ನಡುವಿನಿಂದ ಅಂಚಿಗೆ ಎರಡೇ. ಚರೆ ಹರಡುವುದರಿಂದ ಕೊಂಚ ಮಾಫಿ ಇದೆ ಎನ್ನಿ.

ಗರಗಸ ಓರೆಯಾದರೆ ಬೇರೆಯೇ ದಂಡ. ಐದಿಂಚು ಎತ್ತರದ ಹಿಂತುದಿಯಲ್ಲಿ ಮೇಲಿನಿಂದ ಕೆಳಕ್ಕೆ ಬರುವಷ್ಟರಲ್ಲಿ ಎಂಟನೇ ಒಂದಿಂಚು ತಪ್ಪಿದರೂ 28 ಇಂಚಿನ ನಳಿಗೆಯ ಮೂತಿ 0.7 ಇಂಚು ಓಲುತ್ತದೆ. ಹಳೆಯ ಹಿಂತುದಿಗೆ ಸಮಾನಾಂತರವಾಗಿ ಗೆರೆ ಎಳೆದು, ಮರ ಸಿಬಿರೇಳದಂತೆ ಟೇಪ್ ಸುತ್ತಿ, ಗೆರೆಯ ಹೊರಗೇ ಕೊಯ್ಯುವುದು ಅದಕ್ಕೇ.

ತೂಕದ್ದು ಸಣ್ಣ ಲೆಕ್ಕ. ಎರಡಿಂಚು ವಾಲ್ನಟ್ ಮರ ಅಂದಾಜು 120 ಗ್ರಾಂ. 3.2 ಕೆ.ಜಿ. ಕೋವಿಯಲ್ಲಿ ಅಷ್ಟು ಕಳೆದರೆ ಒದೆತದ ಶಕ್ತಿ ಶೇ. 4ರಷ್ಟು ಹೆಚ್ಚುತ್ತದೆ, ಪ್ಯಾಡ್‌ನ ತೂಕ ಅದರಲ್ಲಿ ಬಹುಪಾಲನ್ನು ತುಂಬಿಕೊಡುತ್ತದೆ.

ಗರಗಸ ಮರದಲ್ಲೇ ನಿಲ್ಲಲಿ. 1861ರಿಂದ ಬಂದು ಈಗ 2029ರ ಅಕ್ಟೋಬರ್‌ವರೆಗೆ ವಿಸ್ತರಣೆಯಾಗಿರುವ ಕೊಡವರ, ಜಮ್ಮಾ ಭೂಮಿಯ ಹಿಡುವಳಿದಾರರ ಪರವಾನಗಿ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಪರವಾನಗಿಯಿಲ್ಲದೆ ನಳಿಗೆ ಮೊಟಕು ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಬಟ್ಟಿನ ಕೆಲಸವನ್ನೂ ಪರವಾನಗಿ ಇರುವ ಕೋವಿ ರಿಪೇರಿಯವರಿಗೇ ಕೊಡುವುದು ಲೇಸು.

ಇನ್ನು ಅಜ್ಜನ ಪಾಡು? ಕೊಯ್ಯುವುದು ಮನೆಯ ಗಿಡ್ಡ ಹೆಗಲಿನ ಅಳತೆಗೆ, ಉದ್ದದವರಿಗೆ ಪಟ್ಟಿ ಸೇರಿಸುವುದು. ಪ್ಯಾಡ್‌ಗೂ ಮರಕ್ಕೂ ನಡುವೆ ಅರ್ಧರ್ಧ ಇಂಚಿನ ಎರಡು ಪಟ್ಟಿ ಇಟ್ಟರೆ 13½ ಮತ್ತೆ 14½ ಆಗುತ್ತದೆ. ಆಗ ಸ್ಕ್ರೂಗಳೂ ಒಂದಿಂಚು ಹೆಚ್ಚು ಉದ್ದದವೇ ಬೇಕು. ಎರಡು ಜೊತೆ ತಂದಿಡಿ.