ಕಲಿಯುವ ಕೈಗೆ ಉದ್ಯಮದ ಆಸರೆ

ಸ್ಥಳೀಯ ಉದ್ಯಮಕ್ಕೆ ಬೇಕಾದ ಕೌಶಲವನ್ನು ಕಲಿಸುವುದೇ ಸಮುದಾಯ ಕಾಲೇಜಿನ ಉದ್ದೇಶ. ಅಲ್ಲಿನ ವಿದ್ಯಾರ್ಥಿಗೆ ಗ್ರಂಥಾಲಯ, ಮಾರ್ಗದರ್ಶನಗಳಷ್ಟೇ ಸಾಲವು. ಕಲಿಯುವಾಗಲೇ ತುಸು ಸಂಪಾದನೆಯೂ ಬೇಕು. ಅದಿಲ್ಲದೆ ಕೊಹಿನೂರಿನಂತಹ ಗ್ರಾಮದ ಯುವಕನು ಓದನ್ನು ಅರ್ಧಕ್ಕೆ ಬಿಟ್ಟು ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದರೆ, ಬಸವಕಲ್ಯಾಣ, ಹುಮನಾಬಾದುಗಳ ಘಟಕಗಳಿಗೂ ನಷ್ಟವೇ.

ಇದಕ್ಕೊಂದು ಮಾರ್ಗ 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿದೆ. 2019ರ ತಿದ್ದುಪಡಿ ನಿಯಮಗಳಂತೆ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ಅಪ್ರೆಂಟಿಸರನ್ನು ನೇಮಿಸಿಕೊಳ್ಳುವುದು ಕಡ್ಡಾಯ. 4ರಿಂದ 29 ಸಿಬ್ಬಂದಿಯುಳ್ಳವುಗಳಿಗೆ ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಡಿ ಶಿಷ್ಯವೇತನದ ಶೇ. 25ರಷ್ಟನ್ನು, ನಿಗದಿತ ಮಿತಿಯೊಳಗೆ, ಕೇಂದ್ರ ಸರ್ಕಾರವೇ ಭರಿಸುತ್ತದೆ. ಐದಾರು ಜನರಿರುವ ಅಂಗಡಿಯೂ ಒಬ್ಬನನ್ನು ತರಬೇತಿಗೆ ತೆಗೆದುಕೊಳ್ಳಬಹುದು. ಅವನ ಓದು ನಿಲ್ಲದು; ವರ್ತಕನಿಗೆ ನುರಿತ ಕೆಲಸಗಾರ ಊರಲ್ಲೇ ದೊರೆಯುವನು.