ದೊಡ್ಡ ಚಕ್ರವೂ ಎಳೆಯುವ ಬಲವೂ: ತಪ್ಪು ಕಲ್ಪನೆ ಮತ್ತು ಸತ್ಯ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪಿಕಪ್ ಟ್ರಕ್ಕು ಗೃಹಸ್ಥನ ನಿತ್ಯೋಪಯೋಗದ ವಾಹನವಾಗಿ ಬಹುಕಾಲದಿಂದ ನೆಲೆಗೊಂಡಿದೆ. ದೋಣಿಯನ್ನೋ ಕುದುರೆಗಳನ್ನೋ ಹೊತ್ತ ಟ್ರೇಲರನ್ನಾಗಲಿ, ಅಡಿಗೆಮನೆ ಮಲಗುವ ಕೋಣೆಗಳನ್ನೊಳಗೊಂಡ ಗಾಲಿಮನೆಯನ್ನಾಗಲಿ ಅದರ ಹಿಂದೆ ಕೊಂಡಿಹಾಕಿ ಬೆಟ್ಟ ಕಣಿವೆಗಳನ್ನು ದಾಟುವವರು ಅಲ್ಲಿ ಅಸಂಖ್ಯಾತರು. ಈ ವಾಹನದ ಮೂಲ ಚಕ್ರಗಳನ್ನು ಕಳಚಿ, ಅವುಗಳಿಗಿಂತ ಎತ್ತರವೂ ಅಗಲವೂ ಆದ ಚಕ್ರಗಳನ್ನು ತೊಡಿಸುವ ಪದ್ಧತಿಯೂ ಅಷ್ಟೇ ವ್ಯಾಪಕವಾದುದು. ಅದರಿಂದ ವಾಹನವು ನೋಟಕ್ಕೆ ಗಂಭೀರವಾಗುವುದು ನಿಜ. ಕಲ್ಲುಮಣ್ಣಿನ ಹಾದಿಯಲ್ಲಿ ನೆಲಕ್ಕೂ ಅದರ ಒಡಲಿಗೂ ಇರುವ ಅಂತರ ಹೆಚ್ಚುವುದೂ ನಿಜ. ಆದರೆ ಈ ಎರಡು ನಿಜಗಳ ಆಶ್ರಯದಲ್ಲಿ ಹಲವು ಮಿಥ್ಯೆಗಳು ಬೆಳೆದು, ಭಾರವನ್ನೆಳೆಯುವವನ ಪ್ರಾಣಕ್ಕೂ ದಾರಿಯಲ್ಲಿ ಎದುರಾಗುವ ನಿರಪರಾಧಿಯ ಪ್ರಾಣಕ್ಕೂ ಅಪಾಯವನ್ನು ತಂದೊಡ್ಡುವುದರಿಂದ, ಅವುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಉಚಿತ.

ಈ ಮಿಥ್ಯೆಗಳ ಮೂಲವನ್ನು ಅರಿಯುವುದು ಕಷ್ಟವಲ್ಲ. ಚಕ್ರ ದೊಡ್ಡದಾದಷ್ಟೂ ಬಂಡಿಯು ಗುಂಡಿ ಕೊರಕಲುಗಳನ್ನು ಸುಲಭವಾಗಿ ದಾಟುವುದೆಂಬುದು ಎತ್ತಿನ ಗಾಡಿಯನ್ನು ಕಂಡವರೆಲ್ಲರ ಅನುಭವ, ಮತ್ತು ಆ ಅನುಭವ ಸರಿಯಾದುದೇ. ಆದರೆ ಗಾಡಿಯ ಚಕ್ರ ಎಳೆಯಲ್ಪಡುವ ಚಕ್ರ. ಅದರ ಬಲವೆಲ್ಲ ಎತ್ತಿನ ಹೆಗಲಿನಲ್ಲಿದೆ. ಟ್ರಕ್ಕಿನ ಹಿಂದಿನ ಚಕ್ರವಾದರೋ ತಾನೇ ಎಳೆಯುವ ಚಕ್ರ. ಎಂಜಿನ್ ಕೊಟ್ಟ ತಿರುಚುಬಲವನ್ನು, ಎಂದರೆ ಟಾರ್ಕನ್ನು, ನೆಲಕ್ಕೆ ಮುಟ್ಟಿಸಿ ಮುಂದಕ್ಕೆ ದೂಡುವ ಹೊಣೆ ಅದರದು. ಎಳೆಯಲ್ಪಡುವ ಚಕ್ರಕ್ಕೆ ಅನುಕೂಲವಾದ ಗಾತ್ರವೇ ಎಳೆಯುವ ಚಕ್ರಕ್ಕೆ ಪ್ರತಿಕೂಲವಾಗುವುದೆಂಬ ಈ ಒಂದು ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರಗಳು ಬಹುಮಟ್ಟಿಗೆ ತಾವಾಗಿಯೇ ಸ್ಪಷ್ಟವಾಗುವುವು.

ತಪ್ಪು ಕಲ್ಪನೆ: ದೊಡ್ಡ ಚಕ್ರ ತೊಡಿಸಿದರೆ ಟ್ರಕ್ಕಿನ ಎಳೆಯುವ ಶಕ್ತಿ ಹೆಚ್ಚುತ್ತದೆ.

ಸತ್ಯ: ಶಕ್ತಿ ಕುಗ್ಗುತ್ತದೆ. ನೆಲವನ್ನು ತಳ್ಳುವ ಬಲವೆಂದರೆ ಆಕ್ಸಲಿನ ಟಾರ್ಕನ್ನು ಚಕ್ರದ ತ್ರಿಜ್ಯದಿಂದ ಭಾಗಿಸಿದ ಫಲ. ಟಾರ್ಕು ಇದ್ದಷ್ಟೇ ಇದ್ದು ತ್ರಿಜ್ಯ ಬೆಳೆದರೆ ಬಲ ಇಳಿಯಲೇಬೇಕು. 275/65ಆರ್18 ಎಂಬ ಅಳತೆಯ ಟೈರಿನ ವ್ಯಾಸ ಸುಮಾರು 815 ಮಿಲಿಮೀಟರು, ಅಂದರೆ 32 ಇಂಚು. ಅದರ ಸ್ಥಾನದಲ್ಲಿ 35 ಇಂಚಿನ, ಎಂದರೆ 889 ಮಿಲಿಮೀಟರಿನ ಟೈರನ್ನು ತಂದರೆ ವ್ಯಾಸವು ಶೇಕಡ 9ರಷ್ಟು ಬೆಳೆದು, 3.73 ಅನುಪಾತದ ಆಕ್ಸಲ್ ಗೇರು 3.42 ಅನುಪಾತದ್ದೋ ಎಂಬಂತೆ ವರ್ತಿಸತೊಡಗುತ್ತದೆ. ಬಯಲಿನಲ್ಲಿ ಬರಿದೇ ಓಡುವಾಗ ಈ ನಷ್ಟ ಅನುಭವಕ್ಕೆ ಬಾರದಿರಬಹುದು. ಮೂರು ಟನ್ನಿನ ಟ್ರೇಲರನ್ನು ಕೊಂಡಿಹಾಕಿ ಏರನ್ನು ಹತ್ತುವಾಗ ಅದೇ ನಷ್ಟವು ಗೇರುಪೆಟ್ಟಿಗೆಯ ಬಿಸಿಯಾಗಿ, ಮೇಲಿಂದ ಮೇಲೆ ಕೆಳಗಿನ ಗೇರಿಗೆ ಇಳಿಯುವ ಎಂಜಿನ್ನಿನ ಆರ್ತನಾದವಾಗಿ ಪ್ರಕಟವಾಗುತ್ತದೆ.

ತಯಾರಕರು ಘೋಷಿಸುವ ಎಳೆಯುವ ಸಾಮರ್ಥ್ಯದ ಸಂಖ್ಯೆಗೆ ಇಂದು ಆಧಾರವಾಗಿರುವುದು ವಾಹನ ಎಂಜಿನಿಯರುಗಳ ಎಸ್.ಎ.ಇ. ಸಂಸ್ಥೆಯ ಜೆ2807 ಎಂಬ ಮಾನದಂಡ. ಅರಿಝೋನಾದ ಡೇವಿಸ್ ಡ್ಯಾಮ್ ಬಳಿಯ, ಸುಮಾರು 11 ಮೈಲಿಗಳಲ್ಲಿ ಸುಮಾರು 3,000 ಅಡಿ ಏರುವ ಹೆದ್ದಾರಿಯನ್ನು, 100 ಡಿಗ್ರಿ ಫಾರೆನ್‌ಹೀಟಿಗೆ ಕಡಿಮೆಯಿಲ್ಲದ ಬಿಸಿಲಿನಲ್ಲಿ, ಏರ್‌ಕಂಡಿಷನರನ್ನು ಪೂರ್ಣವಾಗಿ ಓಡಿಸುತ್ತ, ಸಾಮಾನ್ಯ ಪಿಕಪ್ಪು ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದಂತೆ ಭಾರಸಹಿತ ಹತ್ತಬೇಕೆಂಬುದು ಅದರ ನಿಬಂಧನೆಗಳಲ್ಲೊಂದು. ಆ ಸಂಖ್ಯೆ ಕಾರ್ಖಾನೆಯ ಚಕ್ರ ಗೇರುಗಳ ಮೇಲೆ ನಿಂತದ್ದು. ಅವನ್ನು ಬದಲಿಸಿದವನು ಆ ಸಂಖ್ಯೆಯನ್ನು ಹಳೆಯ ವಿಶ್ವಾಸದಿಂದಲೇ ನೆಚ್ಚುವಂತಿಲ್ಲ. ಇದಕ್ಕೆ ಪರಿಹಾರವಿಲ್ಲವೆಂದಲ್ಲ: 3.73ರ ಸ್ಥಾನದಲ್ಲಿ 4.10ರ ಗೇರುಗಳನ್ನು ಕೂಡಿಸಿದರೆ ಕಳೆದುಹೋದ ಬಲ ಮರಳಿ ಬರುತ್ತದೆ. ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ವಾಹನದಲ್ಲಿ ಮುಂದಿನ ಆಕ್ಸಲಿಗೂ ಅದೇ ಬದಲಾವಣೆ ಆಗಲೇಬೇಕು.

ತಪ್ಪು ಕಲ್ಪನೆ: ಟೈರು ದೊಡ್ಡದಾದರೆ ಅದು ಹೊರುವ ಭಾರವೂ ಹೆಚ್ಚು.

ಸತ್ಯ: ಈ ಮಿಥ್ಯೆಯೇ ಎಲ್ಲಕ್ಕಿಂತ ಅಪಾಯಕರವಾದುದು. ಟೈರು ಹೊರುವ ಭಾರವು ಅದರೊಳಗಿನ ಗಾಳಿಯ ಗಾತ್ರ, ಒತ್ತಡ, ಒಡಲಿನ ರಚನೆ ಇವುಗಳನ್ನವಲಂಬಿಸಿದ್ದು, ಅದರ ಪಕ್ಕದ ಗೋಡೆಯ ಮೇಲಿನ ಲೋಡ್ ಇಂಡೆಕ್ಸ್ ಎಂಬ ಸಂಖ್ಯೆಯಲ್ಲಿ ನಮೂದಾಗಿರುತ್ತದೆ. ಭಾರೀ ಪಿಕಪ್ಪುಗಳಿಗೆ ಕಾರ್ಖಾನೆಯಲ್ಲಿಯೇ ತೊಡಿಸುವ ಎಲ್‌ಟಿ (ಲೈಟ್ ಟ್ರಕ್) ವರ್ಗದ 275/65ಆರ್20 ಟೈರಿನ ಇಂಡೆಕ್ಸು 126, ಅರ್ಥಾತ್ 1,700 ಕಿಲೋಗ್ರಾಂ. ಅದಕ್ಕಿಂತ ಎತ್ತರವೂ ಅಗಲವೂ ಆಗಿ ಕಾಣುವ 35 ಇಂಚಿನ, ಅದೇ 20 ಇಂಚಿನ ರಿಮ್ಮಿಗೆ ಹೊಂದುವ 12.50 ಅಗಲದ ಟೈರಿನ ಇಂಡೆಕ್ಸು ಸಾಮಾನ್ಯವಾಗಿ 121, ಎಂದರೆ 1,450 ಕಿಲೋಗ್ರಾಂ. ಒಂದು ಟೈರಿಗೆ 250 ಕಿಲೋಗ್ರಾಂ ನಷ್ಟವೆಂದರೆ ಹಿಂದಿನ ಆಕ್ಸಲಿಗೆ ಅರ್ಧ ಟನ್ನು. ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕೆಂಬುದು ಅಂಗೀಕೃತವಾದ ನಿಯಮ. ಕೊಂಡಿಯು ಹಿಂದಿನ ಆಕ್ಸಲಿಗಿಂತ ಹೊರಕ್ಕೆ ಚಾಚಿರುವುದರಿಂದ ಆ ಆಕ್ಸಲಿನ ಮೇಲೆ ಬೀಳುವ ಹೊರೆ ಕೊಂಡಿಯ ತೂಕಕ್ಕಿಂತಲೂ ಮಿಗಿಲು. ಹೊರೆ ಹೆಚ್ಚುವ ಸ್ಥಳದಲ್ಲಿಯೇ ಹೊರುವ ಶಕ್ತಿಯನ್ನು ಕಡಿಮೆಮಾಡಿಕೊಳ್ಳುವುದು ವಿವೇಕವಲ್ಲ.

ರಿಮ್ಮಿಗೂ ಅದರದೇ ಆದ ಭಾರಮಿತಿಯುಂಟು. ಟೈರು, ರಿಮ್ಮು, ಆಕ್ಸಲು, ಕೊಂಡಿ ಇವುಗಳಲ್ಲಿ ಯಾವುದು ಅತ್ಯಂತ ದುರ್ಬಲವೋ ಅದರ ಮಿತಿಯೇ ಇಡೀ ವಾಹನದ ಮಿತಿ. ಇನ್ನು ‘ಟೆನ್ ಪ್ಲೈ’ ಎಂದು ಮಾತಿನಲ್ಲಿ ರೂಢವಾದ ಲೋಡ್ ರೇಂಜ್ ಇ ಟೈರಿನಲ್ಲಿ ಹತ್ತು ಪದರಗಳಿರುವುದೆಂಬ ನಂಬಿಕೆಯೂ ನಿರಾಧಾರ. ಅದು ಹತ್ತಿನೂಲಿನ ಕಾಲದಿಂದ ಉಳಿದುಬಂದ ಬಲಸೂಚಕ ಸಂಜ್ಞೆ ಮಾತ್ರ.

ತಪ್ಪು ಕಲ್ಪನೆ: ಹೊಸ ಟೈರಿಗೂ ಹಳೆಯ ಗಾಳಿಯ ಒತ್ತಡವೇ ಸಾಕು, ಇಲ್ಲವೇ ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡವನ್ನು ತುಂಬಿದರಾಯಿತು.

ಸತ್ಯ: ಚಾಲಕನ ಬಾಗಿಲ ಚೌಕಟ್ಟಿನ ಫಲಕದಲ್ಲಿರುವ ಒತ್ತಡವನ್ನು ನಿಗದಿಮಾಡಿರುವುದು ಮೂಲ ಟೈರಿಗೆ. ಮೂಲ ಟೈರು ಪ್ರಯಾಣಿಕ ವರ್ಗದ್ದಾಗಿದ್ದು ಹೊಸದು ಎಲ್‌ಟಿ ವರ್ಗದ್ದಾದರೆ, ಅದೇ ಅಳತೆಯಲ್ಲಿ ಅದೇ ಒತ್ತಡಕ್ಕೆ ಎಲ್‌ಟಿ ಟೈರು ಹೊರುವ ಭಾರ ಕಡಿಮೆ. ಅದರ ಬಲವು ಹೆಚ್ಚಿನ ಒತ್ತಡದಲ್ಲಿ ಮಾತ್ರ ವ್ಯಕ್ತವಾಗತಕ್ಕದ್ದು. ಗೋಡೆಯ ಮೇಲಿನ ಸಂಖ್ಯೆಯಾದರೋ ಗರಿಷ್ಠ ಭಾರಕ್ಕೆ ಸಂಬಂಧಪಟ್ಟದ್ದು. ಬರಿದೇ ಓಡುವಾಗ ಅಷ್ಟನ್ನೂ ತುಂಬಿದರೆ ಟೈರು ನಡುವಿನಲ್ಲಿ ಮಾತ್ರ ಸವೆದು, ಮಳೆಯಲ್ಲಿ ಹಿಡಿತ ತಪ್ಪುವ ಸಂಭವವುಂಟು. ತಯಾರಕರ ಭಾರ-ಒತ್ತಡಗಳ ಕೋಷ್ಟಕವನ್ನು ನೋಡಿ, ತೂಗಿದ ಭಾರಕ್ಕೆ ತಕ್ಕ ಒತ್ತಡವನ್ನು ನಿಶ್ಚಯಿಸುವುದೇ ಸರಿಯಾದ ಕ್ರಮ.

ಗಾಳಿ ಕಡಿಮೆಯಾದ ಟೈರು ಭಾರದಡಿಯಲ್ಲಿ ಮಣಿದು ಮಣಿದು ಕಾಯುತ್ತದೆ, ಕಾದು ಪದರ ಕಳಚುತ್ತದೆ. 2000ದ ಆಗಸ್ಟ್ ತಿಂಗಳಲ್ಲಿ ಫೈರ್‌ಸ್ಟೋನ್ ಸಂಸ್ಥೆ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಾಗ, ಪದರ ಕಳಚುವಿಕೆಯೂ ಗಾಳಿಯ ಒತ್ತಡದ ಪ್ರಮಾಣವೂ ದೇಶವ್ಯಾಪಿ ಚರ್ಚೆಗೆ ಬಂದವು. ಅದೇ ವರ್ಷ ಅಮೆರಿಕದ ಕಾಂಗ್ರೆಸ್ಸು ಅಂಗೀಕರಿಸಿದ ಟ್ರೆಡ್ ಶಾಸನದ ಫಲವಾಗಿಯೇ ಒತ್ತಡದ ಎಚ್ಚರಿಕೆಯ ದೀಪವು ವಾಹನಗಳಲ್ಲಿ ಕಡ್ಡಾಯವಾಯಿತು. ಆದರೆ ಆ ದೀಪ ಹೊತ್ತಿಕೊಳ್ಳುವುದು ಫಲಕದ ಒತ್ತಡಕ್ಕಿಂತ ಸುಮಾರು ಶೇಕಡ 25ರಷ್ಟು ಇಳಿದಾಗ. ಹೆಚ್ಚು ಒತ್ತಡವನ್ನು ಬೇಡುವ ಹೊಸ ಟೈರಿಗೆ ಅದರ ಎಚ್ಚರಿಕೆ ತಡವಾಗಿ ದೊರೆಯುತ್ತದೆ.

ತಪ್ಪು ಕಲ್ಪನೆ: ಸ್ಪೀಡೋಮೀಟರನ್ನು ಸರಿಪಡಿಸಿಬಿಟ್ಟರೆ ಕೆಲಸ ಮುಗಿಯಿತು.

ಸತ್ಯ: ಅದನ್ನು ಸರಿಪಡಿಸುವುದು ಅಗತ್ಯವೇ. 32 ಇಂಚಿನಿಂದ 35 ಇಂಚಿಗೆ ಏರಿದ ಮೇಲಿನ ಉದಾಹರಣೆಯಲ್ಲಿ ಮುಳ್ಳು 65 ಮೈಲಿ ತೋರಿಸುವಾಗ ಟ್ರಕ್ಕು ನಿಜವಾಗಿ ಓಡುವುದು ಸುಮಾರು 71 ಮೈಲಿ. ಟ್ರೇಲರಿಗೆಂದೇ ತಯಾರಾದ ಎಸ್‌ಟಿ ಟೈರುಗಳಲ್ಲಿ ಹಲವಕ್ಕೆ 65 ಮೈಲಿಯೇ ಪರಮಾವಧಿಯಾದುದರಿಂದ ಚಾಲಕನು ಅರಿಯದೆಯೇ ಅವುಗಳ ಮಿತಿಯನ್ನು ಮೀರಿರುತ್ತಾನೆ. ಆದರೆ ಮುಳ್ಳನ್ನು ತಿದ್ದಿದ ಮಾತ್ರಕ್ಕೆ ಬ್ರೇಕು ಬಲಗೊಳ್ಳುವುದಿಲ್ಲ. ಪಾದದ ಅದೇ ಒತ್ತಡಕ್ಕೆ ನೆಲದ ಮೇಲೆ ದೊರೆಯುವ ತಡೆಬಲ, ತ್ರಿಜ್ಯ ಹೆಚ್ಚಿದ ಕಾರಣ, ಸುಮಾರು ಶೇಕಡ 8ರಷ್ಟು ಕುಂದಿರುತ್ತದೆ. ಚಕ್ರವೂ ಭಾರವಾಗಿರುವುದರಿಂದ ಅದರ ಭ್ರಮಣವನ್ನು ನಿಲ್ಲಿಸುವ ಶ್ರಮ ಬೇರೆ. ಕೊಂಡಿಯೂ ಒಂದೂವರೆ ಇಂಚಿನಷ್ಟು ಮೇಲೇರಿ ಟ್ರೇಲರಿನ ಮೂಗನ್ನು ಎತ್ತುತ್ತದೆ; ಇದರಿಂದ ಹೊರೆಯು ಹಿಂದಕ್ಕೆ ಸರಿದು ಕೊಂಡಿಯ ಮೇಲಿನ ತೂಕ ಕಡಿಮೆಯಾದರೆ, ಟ್ರೇಲರು ಎಡಬಲಕ್ಕೆ ಓಲಾಡತೊಡಗಿ ಟ್ರಕ್ಕನ್ನೇ ದಾರಿ ತಪ್ಪಿಸಬಲ್ಲದು. ತಗ್ಗಿಸಿದ ಬಾಲ್ ಮೌಂಟನ್ನು ಜೋಡಿಸಿ ಟ್ರೇಲರನ್ನು ಸಮತಲಕ್ಕೆ ತರುವುದು ಅಲ್ಪವೆಚ್ಚದ ಕೆಲಸ. ಅದನ್ನು ಮರೆಯುವುದು ಮಾತ್ರ ಅಲ್ಪವಾದ ತಪ್ಪಲ್ಲ.

ತಪ್ಪು ಕಲ್ಪನೆ: ದೊಡ್ಡ ಚಕ್ರ ತೊಡಿಸಿದರೆ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಇಂಧನ ಉಳಿಯುತ್ತದೆ.

ಸತ್ಯ: ಭಾರವನ್ನೆಳೆಯುವಾಗ ಮೇಲಿನ ಗೇರು ನಿಲ್ಲುವುದೇ ಇಲ್ಲ, ಅಗಲವಾದ ಟೈರಿನ ಉರುಳುವ ಪ್ರತಿರೋಧವೂ, ಎತ್ತರವಾದ ವಾಹನವು ಎದುರಿಸುವ ಗಾಳಿಯ ಪ್ರತಿರೋಧವೂ ಸೇರಿ ವೆಚ್ಚ ಹೆಚ್ಚುವುದೇ ಸಾಮಾನ್ಯ.

ತಪ್ಪು ಕಲ್ಪನೆ: ಹಾಗಾದರೆ ಭಾರವನ್ನೆಳೆಯುವ ಟ್ರಕ್ಕಿಗೆ ದೊಡ್ಡ ಚಕ್ರವೇ ನಿಷಿದ್ಧ.

ಸತ್ಯ: ಇದೂ ಅತಿರೇಕದ ಮಾತೇ. ಮೂಲ ಟೈರಿಗಿಂತ ಕಡಿಮೆಯಿಲ್ಲದ ಲೋಡ್ ಇಂಡೆಕ್ಸು, ಅದಕ್ಕೊಪ್ಪುವ ರಿಮ್ಮು, ವ್ಯಾಸಕ್ಕೆ ತಕ್ಕ ಗೇರು, ತಿದ್ದಿದ ಸ್ಪೀಡೋಮೀಟರು, ಸಮತಲವಾದ ಕೊಂಡಿ ಇವಿಷ್ಟೂ ಕೂಡಿಬಂದರೆ ಮಿತವಾಗಿ ದೊಡ್ಡದಾದ ಚಕ್ರದಿಂದಲೂ ಸುರಕ್ಷಿತವಾಗಿ ಭಾರವನ್ನೆಳೆಯಬಹುದು. ಆದರೆ ಇಷ್ಟೆಲ್ಲ ಮಾಡಿದ ಮೇಲೂ ಬಾಗಿಲ ಫಲಕದಲ್ಲಿ ನಮೂದಾದ ಭಾರದ ಮಿತಿ ಒಂದು ಪೌಂಡಿನಷ್ಟೂ ಮೇಲೇರುವುದಿಲ್ಲ.

ಆದುದರಿಂದ ಈ ಬದಲಾವಣೆಯನ್ನು ಬಯಸುವವರಲ್ಲಿ ವಿನಂತಿ ಇಷ್ಟೆ: ಟೈರಿನ ಅಂಗಡಿಗೆ ಹೋಗುವ ಮೊದಲು, ಕುಟುಂಬವೂ ಸಾಮಾನೂ ಟ್ರೇಲರೂ ಸಹಿತವಾಗಿ ವಾಹನವನ್ನು ಸಾರ್ವಜನಿಕ ತೂಕಕಟ್ಟೆಯ ಮೇಲೆ ನಿಲ್ಲಿಸಿ, ಪ್ರತಿಯೊಂದು ಆಕ್ಸಲಿನ ತೂಕವನ್ನು ಬರೆದುಕೊಳ್ಳಿರಿ, ಆ ತೂಕವನ್ನು ಹೊರಲಾರದ ಟೈರು ಎಷ್ಟೇ ಸುಂದರವಾಗಿದ್ದರೂ ಅದನ್ನು ಕೊಳ್ಳಬೇಡಿರಿ.