ರಾಜನ ಮುಖಕ್ಕೆ ಬದಲು ತೂತು

ನಿಪ್ಪಾಣಿ, ಅಥಣಿ, ಕಾಗವಾಡ ಕಡೆಯ ಹಳೆಯ ಟ್ರಂಕುಗಳಲ್ಲಿ ನಡುವೆ ದೊಡ್ಡ ತೂತಿರುವ ಕಂಚಿನ ಪೈಸೆ ಈಗಲೂ ಸಿಗುವುದುಂಟು. ಇಸವಿ ನೋಡಿದರೆ 1943, 1944, 1945, ಇಲ್ಲವೇ 1947. ಎರಡನೆಯ ಮಹಾಯುದ್ಧ ತಂದ ಲೋಹದ ಬರ ಹೊಡೆದ ತೂತು ಅದು.

ಹಳೆಯ ಪೈಸೆಯ ತೂಕ ಹತ್ತಿರ ಹತ್ತಿರ ಐದು ಗ್ರಾಂ. ಇದರದ್ದು ಎರಡೇ ಗ್ರಾಂ. ಹಳೆಯದೊಂದನ್ನು ಕರಗಿಸಿದರೆ ಹೊಸವು ಎರಡು ಬಂದು ಇನ್ನೂ ಚೂರು ಲೋಹ ಮಿಗುತ್ತಿತ್ತು. ಆರನೇ ಜಾರ್ಜನ ಮುಖಕ್ಕೆ ಜಾಗವೇ ಇಲ್ಲ, ತೂತಿನ ಮೇಲ್ಗಡೆ ಕಿರೀಟ ಮಾತ್ರ! ಸ್ವಾತಂತ್ರ್ಯಕ್ಕೆ ನಾಲ್ಕು ವರ್ಷ ಮೊದಲೇ ಟಂಕಸಾಲೆಗೆ ಸುಳಿವು ಸಿಕ್ಕಿತ್ತೇನೋ.

ಬಿಕ್ಕಟ್ಟು ಶುರುವಾದದ್ದು ಬೆಳ್ಳಿಯಿಂದ. ಯುದ್ಧದ ಭಯಕ್ಕೆ ಜನ ರೂಪಾಯಿ ನಾಣ್ಯಗಳನ್ನು ಮನೆಯೊಳಗೆ ಮುಚ್ಚಿಟ್ಟರು. 1940ರಲ್ಲಿ ಸರ್ಕಾರ, ಅಗತ್ಯಕ್ಕಿಂತ ಹೆಚ್ಚು ನಾಣ್ಯ ಕೂಡಿಹಾಕುವುದು ಅಪರಾಧವೆಂದಿತು, ಒಂದು ರೂಪಾಯಿಯ ನೋಟು ತಂದಿತು, ನಾಣ್ಯದಲ್ಲಿನ ಬೆಳ್ಳಿಯನ್ನು ಅರ್ಧಕ್ಕಿಳಿಸಿತು. ಆಮೇಲೆ ಚಿಲ್ಲರೆಯೂ ಮಾಯವಾಯಿತು. ರೂಪಾಯಿಗೆ 64 ಪೈಸೆಯ ಕಾಲ; ದಿನಗೂಲಿಯವರ ಸಂತೆಯೆಲ್ಲ ನಡೆಯುತ್ತಿದ್ದುದೇ ಆಣೆ, ಪೈಸೆಗಳಲ್ಲಿ. ದೊಡ್ಡ ಊರುಗಳಲ್ಲಿ ಚಿಲ್ಲರೆಗೆ ಬದಲು ಅಂಚೆಚೀಟಿ ಕೊಟ್ಟದ್ದೂ ಉಂಟು. ಆಣೆ, ಎರಡಾಣೆಯ ಚವಲಿಗಳು ನಿಕ್ಕಲ್ ಬೆರೆಸಿದ ಹಿತ್ತಾಳೆಗೆ ತಿರುಗಿದವು.

ಚಿಕ್ಕೋಡಿ, ಅಥಣಿ ಆಗ ಮುಂಬಯಿ ಪ್ರಾಂತದಲ್ಲಿದ್ದವು. ರಾಯಬಾಗ ಮಾತ್ರ ಕೊಲ್ಹಾಪುರ ಸಂಸ್ಥಾನದ್ದು. ಆದರೂ ಗಡಿಯ ಎರಡೂ ಬದಿ ಓಡಿದ್ದು ಇದೇ ತೂತಿನ ಪೈಸೆ, ಏಕೆಂದರೆ ಕೊಲ್ಹಾಪುರಕ್ಕೆ ಆಗ ಸ್ವಂತ ನಾಣ್ಯವಿರಲಿಲ್ಲ. ಬೂಂದಿ, ಮೋರ್ವಿಯಂಥ ಸಂಸ್ಥಾನಗಳು ಮಾತ್ರ ರಟ್ಟಿನ ತುಂಡುಗಳ ಮೇಲೆ ಬೆಲೆ ಅಚ್ಚೊತ್ತಿ ಹಂಚಿದವು.

ಆ ರಟ್ಟಿನ ಕೂಪನ್ನುಗಳ ಹಿರಿಯಣ್ಣ ಮೊದಲ ಮಹಾಯುದ್ಧದ ಜರ್ಮನಿಯಲ್ಲಿದ್ದ. ಅಲ್ಲಿ ತಾಮ್ರ, ನಿಕ್ಕಲ್ ಮದ್ದುಗುಂಡಿನ ಪಾಲಾದಾಗ ಊರೂರಿನ ಪುರಸಭೆಗಳೇ ಕಬ್ಬಿಣ, ಸತುವಿನ ನಾಣ್ಯ ಟಂಕಿಸಿದವು. ಅವಕ್ಕೆ ‘ನೋಟ್‌ಗೆಲ್ಡ್’ ಎಂದು ಹೆಸರು, ಅಂದರೆ ಆಪತ್ಕಾಲದ ಹಣ. ಯುದ್ಧ ಮುಗಿದ ಮೇಲೂ ಅದು ನಿಲ್ಲಲಿಲ್ಲ. ಮೈಸೆನ್‌ನ ಕಾರ್ಖಾನೆ ಪಿಂಗಾಣಿಯಲ್ಲಿ ನಾಣ್ಯ ಸುಟ್ಟಿತು, ಬೀಲೆಫೆಲ್ಡ್ ರೇಷ್ಮೆ ಬಟ್ಟೆಯ ಮೇಲೆ ನೋಟು ಮುದ್ರಿಸಿತು. ಕೊನೆಕೊನೆಗೆ ಖರ್ಚು ಮಾಡುವವರಿಗಿಂತ ಸಂಗ್ರಹಿಸುವವರಿಗಾಗಿಯೇ ಅಚ್ಚಾದವೂ ಬಹಳ. ನಮ್ಮ ಪುರಸಭೆಗಳಿಗೆ ಆ ಸ್ವಾತಂತ್ರ್ಯ ಕನಸಿನಲ್ಲೂ ಇರಲಿಲ್ಲ.

1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು. ತೂತಿನ ಪೈಸೆ ಮಕ್ಕಳ ಉಡಿದಾರಕ್ಕೆ, ಬೋಲ್ಟಿನ ವಾಷರಿಗೆ ಇಳಿಯಿತು. ಕೋಟಿಗಟ್ಟಲೆ ಅಚ್ಚಾಗಿದ್ದರಿಂದ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದಿಲ್ಲ. ಆದರೂ ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ; ಮೊದಲು ‘ಎಲ್’ ಅಕ್ಷರವಿದೆಯೇ ಹುಡುಕಿ. ಇದ್ದರೆ ಅದು ಲಾಹೋರ್ ಟಂಕಸಾಲೆಯದು.